ಕಿಸೆಯಿಲ್ಲದ ಅಂಗಿ ಮತ್ತು ನಮ್ಮಾಯಿಯ ಮಣ್ಣು

ಬಿಜಾಪುರದಾಗ ಯಾವುದರೆ ಒಂದು ಚಾದಂಗಡಿ ಹೊಕ್ಕು ಗಲ್ಲಾಪೆಟ್ಟಿಗೆ ಕಡೆ ನೋಡ್ರಿ. ಅದರ ಮ್ಯಾಲಿನ ಗ್ವಾಡಿಗೆ ಒಂದು ಫೋಟೋ ಇರೋದು ಹೆಚ್ಚು. ಬಿಳಿ ಅಂಗಿ, ಬಿಳಿ ಧೋತರ, ಬಡಕಲು ಮೈ. ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮಿಗಳು. ಅವರ ಅಂಗಿಗೆ ಕಿಸೆ ಇರುತ್ತಿರಲಿಲ್ಲ ಎಂಬುದು ಈ ಜಿಲ್ಲೆಯ ಸಣ್ಣ ಹುಡುಗರಿಗೂ ಗೊತ್ತಿರುವ ಸಂಗತಿ. ರೊಕ್ಕ ಇಟ್ಟುಕೊಳ್ಳದವನಿಗೆ ಕಿಸೆ ಯಾಕೆ? ಆ ಕಿಸೆಯಿಲ್ಲದ ಮನುಷ್ಯನ ಫೋಟೋದ ಕೆಳಗೆ ಗಲ್ಲಾಪೆಟ್ಟಿಗೆ ದಿನವಿಡೀ ತೆರೆಯುತ್ತದೆ, ಮುಚ್ಚುತ್ತದೆ. ಮುಂಜಾನೆ ಅಂಗಡಿ ತೆಗೆದ ಕೂಡಲೆ ಮಾಲಕ ಅದೇ ಊದಿನಕಡ್ಡಿಯನ್ನು ಫೋಟೋಕ್ಕೂ ಬೆಳಗುತ್ತಾನೆ, ಪೆಟ್ಟಿಗೆಗೂ ಬೆಳಗುತ್ತಾನೆ.

ಗೆಳೆಯರೆ, ನಮ್ಮ ಪತ್ರಿಕೆಗಳಲ್ಲಿ ಸ್ವಾಮಿಗಳ ಬಗ್ಗೆ ಬರೆಯುವುದೆಂದರೆ ಬೈಯುವುದು ಅಂತ ಒಂದು ರೂಢಿ ಆಗಿದೆ. ಮಠ ಅಂದರೆ ಜಮೀನು, ಮಠ ಅಂದರೆ ಕಾಲೇಜಿನ ಡೊನೇಶನ್, ಮಠ ಅಂದರೆ ಇಲೆಕ್ಷನ್. ಈ ಬೈಗುಳಕ್ಕೆ ಕಾರಣಗಳಿಲ್ಲದೆ ಇಲ್ಲ. ಆದರೆ ಈ ಮನುಷ್ಯನ ಮೇಲೆ ಆ ಬೈಗುಳ ನಿಲ್ಲುವುದಿಲ್ಲ, ಜಾರಿ ಬೀಳುತ್ತದೆ. ಹಂಗಂತ ನಾವೂ ಊದಿನಕಡ್ಡಿ ಹಚ್ಚಬೇಕೆ? ಪೂಜೆ ಮಾಡುವವರು ಓದುವುದಿಲ್ಲ, ಬೈಯುವವರೂ ಓದುವುದಿಲ್ಲ. ನಮ್ಮ ಮನೆಯಲ್ಲಿ ಮೊದಲ ಸಲ ಡಿಗ್ರಿ ಮುಗಿಸಿದವನು ನಾನು. ನನಗೆ ಗೊತ್ತಿರುವುದು ಅಷ್ಟಿಷ್ಟು ಓದುವುದೊಂದೇ. ಆದ್ದರಿಂದ ಇವರನ್ನು ಒಂದು ಪಠ್ಯದ ಹಾಗೆ ಓದಲು ನೋಡುತ್ತೇನೆ.

ಮೊದಲು ಬದುಕು. 1940ರಲ್ಲಿ ಬಿಜ್ಜರಗಿಯಲ್ಲಿ ಹುಟ್ಟಿದರು. ಆಗ ಬಿಜಾಪುರ ತಾಲೂಕು, 2018ರಿಂದ ಟಿಕೋಟಾ ತಾಲೂಕು. ಒಕ್ಕಲುತನದ ಬಿರಾದಾರ ಮನೆತನ. ಹದಿನಾಲ್ಕರ ಆಸುಪಾಸಿನಲ್ಲಿ ಮನೆ ಬಿಟ್ಟು, ವೇದಾಂತದ ಪ್ರವಚನಕಾರರಾಗಿ ಹೆಸರಾಗಿದ್ದ ಮಲ್ಲಿಕಾರ್ಜುನ ಸ್ವಾಮಿಗಳ ಹಿಂದೆ ಹೋದರು. ಗುರು ಓದಿಸಿದರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪದವಿ, ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದಿಂದ ತತ್ತ್ವಶಾಸ್ತ್ರದ ಎಂ.ಎ. ಆಮೇಲೆ ಅವರು ಮಾಡಿದ ಕೆಲಸ ಮುಖ್ಯವಾಗಿ ಒಂದೇ: ಮಾತಾಡುವುದು. ಒಂದು ಊರಿಗೆ ಬಂದರೆ ತಿಂಗಳುಗಟ್ಟಲೆ, ನಸುಕಿನಲ್ಲಿ, ಹೇಳಿದ ಹೊತ್ತಿಗೆ ಶುರು, ಹೇಳಿದ ಹೊತ್ತಿಗೆ ಬಂದ್. ಕರ್ನಾಟಕದಲ್ಲಿ ಕನ್ನಡ, ಮಹಾರಾಷ್ಟ್ರದ ಕಡೆ ಮರಾಠಿ, ಬೇಕಾದಲ್ಲಿ ಹಿಂದಿ, ಇಂಗ್ಲಿಷ್. 2023ರ ಜನವರಿ 2ರಂದು ಬಿಜಾಪುರದ ಆಶ್ರಮದಲ್ಲೇ ತೀರಿಕೊಂಡರು. ಮರುದಿನ ಜಿಲ್ಲೆಯಲ್ಲಿ ಶಾಲೆ ಕಚೇರಿಗಳಿಗೆ ರಜೆ. ಸೈನಿಕ ಶಾಲೆಯ ಮೈದಾನದಲ್ಲಿ ದರ್ಶನಕ್ಕೆ ಇಟ್ಟ ದೇಹವನ್ನು ನೋಡಲು ಲಕ್ಷಗಟ್ಟಲೆ ಜನ ಬಂದರು.

ಆ ಮಾತು ಹೆಂಗಿತ್ತು ಅನ್ನೋದನ್ನ ಹೇಳಬೇಕು. ನಾನು ಮೂರನೇತ್ತೆಯೋ ನಾಕನೇತ್ತೆಯೋ ಇದ್ದಾಗ ನಮ್ಮಾಯಿ, ಅಂದರೆ ನಮ್ಮಪ್ಪನ ಅವ್ವ, ನನ್ನ ಎಬ್ಬಿಸಿಕೊಂಡು ಹತ್ತಿರದ ದೊಡ್ಡ ಊರಿಗೆ ಹೋಗಿದ್ದಳು. ಟಿಕೋಟಾ ಮತ್ತು ಬಬಲೇಶ್ವರದ ನಡುವೆ ಒಂದು ಹಳ್ಳಿ ನಮ್ಮದು. ಇನ್ನೂ ಕತ್ತಲಿತ್ತು. ಟ್ರ್ಯಾಕ್ಟರಿನ ಹಿಂದೆ ಕುಂತಿದ್ದೆವು. ಬಯಲಿನಲ್ಲಿ ಸಾವಿರಾರು ಮಂದಿ ನೆಲದ ಮೇಲೆ ಕುಂತಿದ್ದರು, ಆದರೂ ಗದ್ದಲ ಇಲ್ಲ. ಆಯಿ ಮಾತ್ರ ಕಟ್ಟಕಡೆಗೆ, ಚಪ್ಪಲಿ ಬಿಟ್ಟಿದ್ದ ಜಾಗದ ಹತ್ತಿರ ಕುಂತಳು. ಅಲ್ಲಿ ಯಾರೂ ನಮ್ಮ ಜಾತಿ ಕೇಳಲಿಲ್ಲ, ಹಿಂದೆ ಸರಿ ಅನ್ನಲಿಲ್ಲ. ಮುಂದೆ ಜಾಗ ಖಾಲಿ ಇತ್ತು. “ಮುಂದ ಹೋಗೂಣು ಬಾ ಆಯಿ” ಅಂದೆ. “ಇಲ್ಲೇ ಚಲೋ ಕೇಳಸ್ತೈತಿ, ಸುಮ್ ಕುಂದರು” ಅಂದಳು. ಊರು ಅರವತ್ತು ವರ್ಷ ಕಲಿಸಿದ ಪಾಠ ಅದು. ಬೇರೆ ಊರಿನ ಬಯಲಿಗೂ ಅವಳ ಜೊತೆ ಬಂದಿತ್ತು.

ಮಾತು ಶುರುವಾಯಿತು. ಚೀರಾಟ ಇಲ್ಲ, ಶ್ಲೋಕದ ಸುರಿಮಳೆ ಇಲ್ಲ. ಹೂವು, ಹಕ್ಕಿ, ಹೊಲ, ಒಬ್ಬ ರೈತ, ಒಬ್ಬ ಗ್ರೀಕ್ ಜ್ಞಾನಿ. ಒಂದು ವಾಕ್ಯ ಹೇಳಿ ತುಸು ಹೊತ್ತು ಬಿಡುವರು, ಆ ಬಿಡುವಿನಲ್ಲಿ ಕೇಳುವವನು ಅದನ್ನು ತನ್ನ ಬದುಕಿಗೆ ಹಚ್ಚಿ ನೋಡಿಕೊಳ್ಳಬಹುದಿತ್ತು. ಓದು ಬರದ ನಮ್ಮಾಯಿಗೆ ಪೂರ್ತಿ ತಿಳಿಯಿತು. ಇದು ಸಣ್ಣ ಮಾತಲ್ಲ. ಸಾವಿರ ವರ್ಷ ತತ್ತ್ವಜ್ಞಾನವನ್ನು ಸಂಸ್ಕೃತದ ಕೀಲಿ ಹಾಕಿ ಇಟ್ಟ ನಾಡು ಇದು. ಉಪನಿಷತ್ತನ್ನು ಕಿವಿಯಿಂದ ಕೇಳಿದರೆ ಶಿಕ್ಷೆ ಅಂತ ಬರೆದಿಟ್ಟ ಜನ ಇದ್ದ ನಾಡು. ಆ ಉಪನಿಷತ್ತನ್ನೇ ಎಂ.ಎ. ಓದಿದ ಸ್ವಾಮಿಯೊಬ್ಬ ಕೂಲಿ ಹೆಂಗಸಿನ ಕಿವಿಗೆ ಆಡುಮಾತಿನಲ್ಲಿ ಮುಟ್ಟಿಸಿದ. ನಾವು ವೇದಿಕೆ ಹತ್ತಿದರೆ ‘ಸಾಂಸ್ಥಿಕ ದಬ್ಬಾಳಿಕೆಯ ಆಯಾಮಗಳು’ ಅಂತ ಶುರು ಮಾಡುತ್ತೇವೆ. ನಮ್ಮವ್ವ ಆಕಳಿಸಿ ಎದ್ದು ಹೋಗುತ್ತಾಳೆ. ಈ ಒಂದು ವಿಷಯದಲ್ಲಿ ನಾವು ಅವರಿಂದ ಕಲಿಯಬೇಕು, ನಾಚಿಕೆ ಬಿಟ್ಟು.

ಇನ್ನು ತಕರಾರು. ಆ ಮಾತಿನ ಗುರಿ ಒಬ್ಬೊಬ್ಬ ಕೇಳುಗನ ಮನಸ್ಸು. ಮನಸ್ಸು ತಿಳಿಯಾದರೆ ಬದುಕು ಚೆಂದ, ಬದುಕು ಚೆಂದಾದರೆ ಜಗತ್ತು ಚೆಂದ ಎಂಬ ದಾರಿ ಅದರದು. ದುಃಖದ ಬೇರು ಆಸೆಯಲ್ಲಿದೆ ಅನ್ನುತ್ತದೆ ಆ ದಾರಿ. ಆದರೆ ದ್ರಾಕ್ಷಿ ಪಡದಲ್ಲಿ ಚಾಟಣಿಗೆ ಹೋಗುವ ನಮ್ಮವ್ವನ ದುಃಖದ ಬೇರು ಅವಳ ಆಸೆಯಲ್ಲಿ ಇಲ್ಲ. ಅವಳಿಗಿರುವ ಆಸೆ ವಾರದ ಪಗಾರ ವಾರಕ್ಕೆ ಕೈಗೆ ಬರಲಿ ಎಂಬುದಷ್ಟೆ. ಪ್ರವಚನದ ಬಯಲಿನಲ್ಲಿ ಒಂದು ತಾಸು ಎಲ್ಲರೂ ಒಂದೇ ನೆಲದ ಮೇಲೆ ಕುಂತರು. ತಾಸು ಮುಗಿಯಿತು. ಗೌಡರು ಗೌಡರ ಓಣಿಗೆ ಹೋದರು, ನಾವು ನಮ್ಮ ಕೇರಿಗೆ ಬಂದೆವು. ಅವತ್ತೇ ನಮ್ಮೂರಿನ ಚಾದಂಗಡಿಯಲ್ಲಿ ನಮ್ಮಪ್ಪನ ಕಪ್ಪು ಹೊರಗಿನ ಕಟ್ಟೆಯ ಮೇಲೇ ಇತ್ತು. ಕೊಟ್ಟವನು ಮುಂಜಾನೆ ನಮ್ಮ ಜೊತೆ ಅದೇ ಟ್ರ್ಯಾಕ್ಟರಿನಲ್ಲಿ ಪ್ರವಚನಕ್ಕೆ ಬಂದವನೇ. ಅವನ ಮನಸ್ಸು ಅವತ್ತು ತಿಳಿಯಾಗಿಯೇ ಇತ್ತು ಅಂತ ನಾನು ನಂಬುತ್ತೇನೆ. ತಿಳಿಯಾದ ಮನಸ್ಸಿನಿಂದಲೇ ಅವನು ಆ ಕಪ್ಪನ್ನು ಹೊರಗಿಟ್ಟ. ವ್ಯವಸ್ಥೆ ಅಂದರೆ ಇದು. ಅದು ನಡೆಯಲು ಯಾರೊಬ್ಬರ ಮನಸ್ಸೂ ಕೆಡಬೇಕಾಗಿಲ್ಲ.

ಅವರ ಬರಹಗಳನ್ನು ನೋಡಿದರೂ ಇದೇ ಪ್ರಶ್ನೆ ಏಳುತ್ತದೆ. ಹರೆಯದಲ್ಲಿ ಗುರುವಿನ ಮಾತುಗಳನ್ನು ಕೂಡಿಸಿ ಸಿದ್ಧಪಡಿಸಿದ್ದು ‘ಸಿದ್ಧಾಂತ ಶಿಖಾಮಣಿ’ಯ ಪುಸ್ತಕ, ಸಂಸ್ಕೃತದ ವೀರಶೈವ ಶಾಸ್ತ್ರ. ಮುಂದೆ ಗೀತೆ, ಉಪನಿಷತ್ತು, ಪತಂಜಲಿಯ ಯೋಗಸೂತ್ರ. ಆಮೇಲೆ ಅಲ್ಲಮಪ್ರಭುವಿನ ವಚನಗಳಿಗೆ ಬರೆದ ವ್ಯಾಖ್ಯಾನ. ಶಾಸ್ತ್ರದಿಂದ ವಚನಕ್ಕೆ, ಸಂಸ್ಕೃತದಿಂದ ಅಲ್ಲಮನ ಕನ್ನಡಕ್ಕೆ ಬಂದದ್ದು ದೊಡ್ಡ ನಡಿಗೆಯೇ. ವಚನಗಳು ಇವತ್ತು ನಮ್ಮ ಕೈಗೆ ಸಿಕ್ಕದ್ದೂ ಇದೇ ಬಿಜಾಪುರದ ನೆಲದಿಂದ. 1904ರಲ್ಲಿ ವಕೀಲರಾಗಿ ಈ ಊರಿಗೆ ಬಂದ ಫ.ಗು. ಹಳಕಟ್ಟಿಯವರು ಓಲೆಗರಿ ಹುಡುಕಿ, ಮನೆ ಮಾರಿ, ಅಚ್ಚು ಹಾಕಿಸಿದರು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಬಂತು. ಅವರು ಉಳಿಸಿ ಕೊಟ್ಟ ರಾಶಿಯಲ್ಲಿ ಅಲ್ಲಮನೂ ಇದ್ದಾನೆ, ಮಾದಾರ ಚೆನ್ನಯ್ಯನೂ ಇದ್ದಾನೆ, ಡೋಹರ ಕಕ್ಕಯ್ಯನೂ ಇದ್ದಾನೆ, ಉರಿಲಿಂಗಪೆದ್ದಿಯ ಹೆಂಡತಿ ಕಾಳವ್ವೆಯೂ ಇದ್ದಾಳೆ. ಯಾವ ಮಾಂಸ ತಿಂದವರು ಮೇಲು, ಯಾವ ಮಾಂಸ ತಿಂದವರು ಕೀಳು ಎಂಬ ಲೆಕ್ಕವನ್ನು ನೇರವಾಗಿ ಕೆಣಕಿದವಳು ಕಾಳವ್ವೆ. ಅಲ್ಲಮನ ಬಯಲಿನಲ್ಲಿ ನಾನೂ ಇಲ್ಲ, ನೀನೂ ಇಲ್ಲ. ಕಾಳವ್ವೆಯ ಬೀದಿಯಲ್ಲಿ ನಾನೂ ಇದ್ದೇನೆ, ನೀನೂ ಇದ್ದೀಯ, ನಿನ್ನ ಕೈಯಲ್ಲಿ ಕಲ್ಲೂ ಇದೆ. ಪ್ರವಚನಕಾರ ಅಲ್ಲಮನನ್ನು ಆರಿಸಿಕೊಂಡ. ಆರಿಸಿಕೊಳ್ಳುವುದು ಅವನ ಹಕ್ಕು. ಕಾಳವ್ವೆಯ ಮೇಲೆ ತಿಂಗಳುಗಟ್ಟಲೆ ಪ್ರವಚನ ಹಚ್ಚುವ ಕೆಲಸ ಹಾಗಾದರೆ ಯಾರದು? ಅದು ನಮ್ಮದು, ನಾವು ಮಾಡಿಲ್ಲ.

ಊರಿಗೊಬ್ಬ ಪ್ರವಚನಕಾರ ಎಂಬುದು ನಮ್ಮ ಕಡೆಯ ರೂಢಿ ಮಾತ್ರ ಅಲ್ಲ. ನಾನೂರು ವರ್ಷದ ಹಿಂದೆ, ಇಲ್ಲಿ ಆದಿಲಶಾಹಿ ಆಳುತ್ತಿದ್ದಾಗ, ಇಂಗ್ಲೆಂಡಿನ ಇಪ್ಸ್‌ವಿಚ್ ಎಂಬ ಬಂದರು ಊರಿನಲ್ಲಿ ಸ್ಯಾಮ್ಯುಯೆಲ್ ವಾರ್ಡ್ ಎಂಬ ಪಾದ್ರಿ ಇದ್ದ. ಊರಿನ ಪಂಚರೇ ಪಗಾರ ಕೊಟ್ಟು ಇಟ್ಟುಕೊಂಡ ಊರ ಪ್ರವಚನಕಾರ. ಮೂವತ್ತು ವರ್ಷದ ಹತ್ತಿರ ಮಾತಾಡಿದ. 1621ರಲ್ಲಿ ಸ್ಪೇನಿನ ರಾಜನನ್ನೂ ಪೋಪನನ್ನೂ ಹಂಗಿಸುವ ಒಂದು ಚಿತ್ರ ಅಚ್ಚು ಹಾಕಿಸಿದ. ಸ್ಪೇನಿನ ರಾಯಭಾರಿ ದೂರು ಕೊಟ್ಟ, ವಾರ್ಡ್ ಜೈಲು ಕಂಡ. ಮುಂದೆ ಆರ್ಚ್‌ಬಿಷಪ್ ಲಾಡ್‌ನ ಕಾಲದಲ್ಲಿ, 1635ರಲ್ಲಿ, ಧರ್ಮ ನ್ಯಾಯಾಲಯ ಅವನ ಬಾಯಿ ಮುಚ್ಚಿಸಿತು. ಊರಿನವರು ಅವನ ಜಾಗಕ್ಕೆ ಇನ್ನೊಬ್ಬನನ್ನು ತರಲು ಒಪ್ಪಲಿಲ್ಲ. 1640ರಲ್ಲಿ ಸತ್ತ. ಅವನ ಬೆನ್ನಿಗೇ ಬಂದವನು ಬೆಡ್‌ಫರ್ಡ್‌ನ ಜಾನ್ ಬನ್ಯನ್, ಪಾತ್ರೆಗೆ ಬೆಸುಗೆ ಹಾಕುವವನು. ಪರವಾನಗಿ ಇಲ್ಲದೆ ಪ್ರವಚನ ಮಾಡಿದ್ದಕ್ಕೆ 1660ರಿಂದ ಹನ್ನೆರಡು ವರ್ಷ ಜೈಲಿನಲ್ಲಿದ್ದ.

ಇವರನ್ನು ಯಾಕೆ ತಂದೆ ಅಂದರೆ, ಅವರ ಮಾತು ಆಳುವವರ ಮೈಗೆ ತಾಗಿತ್ತು. ನಮ್ಮ ಪ್ರವಚನಕಾರರ ಮುಂದೆ ಆಳುವವರೂ ಬಂದು ನೆಲಕ್ಕೆ ಕುಂತರು, ಎಲ್ಲ ಪಕ್ಷದವರೂ ಬಂದರು, ಕೈಮುಗಿದರು, ಹೋದರು. ಯಾರಿಗೂ ಸಿಟ್ಟು ಬರಲಿಲ್ಲ. ಯಾರಿಗೂ ಸಿಟ್ಟು ಬರದ ಸತ್ಯ ಪೂರ್ತಿ ಸತ್ಯವೇ ಅಂತ ಬಂಡಾಯದವನು ಕೇಳಬೇಕಾಗುತ್ತದೆ.

ಆದರೆ ಸಿಟ್ಟೊಂದನ್ನೇ ಅಳತೆಗೋಲು ಮಾಡಿಕೊಂಡರೆ ನಾವೂ ಮೋಸ ಹೋಗುತ್ತೇವೆ. ವಾರ್ಡ್‌ನ ಧೈರ್ಯದಲ್ಲಿ ಕ್ಯಾಥೊಲಿಕರ ಮೇಲಿನ ದ್ವೇಷವೂ ಬೆರೆತಿತ್ತು. ಇವತ್ತು ನಮ್ಮ ಸುತ್ತ ಮೈಕು ಹಿಡಿದು ಬೆಂಕಿ ಉಗುಳುವ ಪ್ರವಚನಕಾರರಿಗೆ ಬರ ಇಲ್ಲ. ಗೋಳಗುಮ್ಮಟದ ಈ ಊರಿನಲ್ಲಿ, 1675ರಲ್ಲಿ ತೀರಿಕೊಂಡ ಸೂಫಿ ಅಮೀನುದ್ದೀನ್ ಆಲಾನ ದರ್ಗಾ ಇರುವ ಊರಿನಲ್ಲಿ, ಹೆಂಗಸರು ಬೀಸುವಾಗ ಹಾಡಲೆಂದು ಸೂಫಿಗಳು ದಖನಿಯಲ್ಲಿ ಹಾಡು ಕಟ್ಟಿಕೊಟ್ಟ ಊರಿನಲ್ಲಿ, ಸಿದ್ಧೇಶ್ವರರ ಮಾತು ಕೇಳಿ ಎದ್ದವನು ಪಕ್ಕದ ಓಣಿಗೆ ಕಲ್ಲು ಎತ್ತುವಂತಿರಲಿಲ್ಲ. ಈಗಿನ ದಿನಮಾನದಲ್ಲಿ ಇದನ್ನೂ ಲೆಕ್ಕಕ್ಕೆ ಹಿಡಿಯದಿದ್ದರೆ ಅದು ಅನ್ಯಾಯ.

ಇನ್ನು ಅವರು ಬ್ಯಾಡ ಅಂದದ್ದರ ಪಟ್ಟಿ. ಕರ್ನಾಟಕ ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟು ಬ್ಯಾಡ ಅಂದರು. 2018ರಲ್ಲಿ ಕೇಂದ್ರ ಸರ್ಕಾರ ಪದ್ಮಶ್ರೀ ಘೋಷಿಸಿದಾಗ, ಸನ್ಯಾಸಿಗೆ ಪ್ರಶಸ್ತಿ ಯಾಕೆ ಎಂಬರ್ಥದ ವಿನಯದ ಪತ್ರ ಪ್ರಧಾನಿಗೆ ಬರೆದು ಅದನ್ನೂ ಬ್ಯಾಡ ಅಂದರು. ಕಿಸೆ ಬ್ಯಾಡ ಅಂದರು. ಇದನ್ನೆಲ್ಲ ತ್ಯಾಗ ಅಂತ ಜನ ಕೊಂಡಾಡುತ್ತಾರೆ.

ನಮ್ಮಪ್ಪನ ಅಂಗಿಗೂ ಕಿಸೆ ಇರಲಿಲ್ಲ. ಇತ್ತು, ಹರಿದು ಹೋಗಿತ್ತು. ಹೊಲಿಸಲಿಲ್ಲ, ಯಾಕಂದರೆ ಅದರಾಗ ಇಡಲಿಕ್ಕೆ ಏನೂ ಇರಲಿಲ್ಲ. ಎರಡೂ ಅಂಗಿಗಳನ್ನು ಅಕ್ಕಪಕ್ಕ ತೂಗು ಹಾಕಿದರೆ ನೋಡುವವರಿಗೆ ಫರಕು ಗೊತ್ತಾಗುವುದಿಲ್ಲ. ಒಂದಕ್ಕೆ ಹಾರ ಬೀಳುತ್ತದೆ, ಇನ್ನೊಂದನ್ನು ಕಂಡರೆ ಜನ ದೂರ ಸರಿಯುತ್ತಾರೆ. ಇದ್ದವನು ಬಿಟ್ಟರೆ ತ್ಯಾಗ. ಎಂದೂ ಕೊಡದೆ ಕಸಿದುಕೊಂಡದ್ದಕ್ಕೆ ನಮ್ಮ ಭಾಷೆಯಲ್ಲಿ ಒಂದು ಗೌರವದ ಹೆಸರೂ ಇಲ್ಲ. ಬ್ಯಾಡ ಅನ್ನಲಿಕ್ಕೆ ಮೊದಲು ಯಾರಾದರೂ ತಗೋ ಅನ್ನಬೇಕು. ನಮ್ಮ ಕೇರಿಗೆ ಬಂದು ತಗೋ ಅಂದವರು ಯಾರು? ಇದು ಆ ಸ್ವಾಮಿಗಳ ತಪ್ಪಲ್ಲ. ಆದರೆ ತ್ಯಾಗವನ್ನು ಎಲ್ಲರಿಗೂ ಒಂದೇ ಸಮ ಬೋಧಿಸುವಾಗ ಈ ಫರಕು ಮರೆಯಾಗುತ್ತದೆ. ಕೇಳುವ ಕೂಲಿಯವನು ತನ್ನ ಬರಿಗೈಯನ್ನೇ ಪುಣ್ಯ ಅಂದುಕೊಂಡು ಮನೆಗೆ ಹೋಗುವ ಅಪಾಯ ಇದೆ.

ಇಷ್ಟೆಲ್ಲ ತಕರಾರು ಹೇಳಿದ ಮೇಲೆ ಅವರ ಒಂದು ಬರಹದ ಮುಂದೆ ನಾನು ನಿಲ್ಲಬೇಕಾಗಿದೆ. 2014ರ ಗುರುಪೂರ್ಣಿಮೆಯ ದಿನ ಅವರು ಬರೆದಿಟ್ಟು, ತೀರಿಕೊಂಡ ಮೇಲೆ ಎಲ್ಲರಿಗೂ ಓದಿ ಹೇಳಿದ ಕಡೆಯ ಪತ್ರ. ಅದರ ಸಾರ ಇಷ್ಟು: ದೇಹವನ್ನು ಮಣ್ಣಲ್ಲಿ ಇಡಬೇಡಿ, ಬೆಂಕಿಗೆ ಕೊಡಿ. ಶ್ರಾದ್ಧದ ವಿಧಿ ಬೇಡ. ಬೂದಿಯನ್ನು ನದಿಗೋ ಕಡಲಿಗೋ ಬಿಡಿ. ಸ್ಮಾರಕ ಕಟ್ಟಬೇಡಿ. ಕೊನೆಗೆ ಅಲ್ಲಮನ ಬಯಲಿನ ನೆನಪು. ಹಾಗೆಯೇ ನಡೆಯಿತು. ಸರ್ಕಾರಿ ಗೌರವದೊಂದಿಗೆ ಆಶ್ರಮದ ಆವರಣದಲ್ಲೇ ಚಿತೆ ಉರಿಯಿತು. ಬೂದಿಯನ್ನು ಕೂಡಲಸಂಗಮದಲ್ಲೂ ಗೋಕರ್ಣದ ಕಡಲಲ್ಲೂ ಬಿಟ್ಟರು.

ನನ್ನ ಪ್ರಕಾರ ಅವರ ಎಲ್ಲ ಗ್ರಂಥಗಳಿಗಿಂತ ಈ ಪತ್ರ ದೊಡ್ಡದು. ಯಾಕೆ ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಲಿಂಗಾಯತ ಸ್ವಾಮಿಗಳನ್ನು ಮಣ್ಣಲ್ಲಿ ಕುಂದರಿಸುತ್ತಾರೆ, ಅದರ ಮೇಲೆ ಗದ್ದುಗೆ ಏಳುತ್ತದೆ. ಗದ್ದುಗೆ ಎದ್ದಲ್ಲಿ ಗುಡಿ, ಗುಡಿ ಇದ್ದಲ್ಲಿ ಜಾತ್ರೆ, ಜಾತ್ರೆ ಇದ್ದಲ್ಲಿ ಹುಂಡಿ, ಹುಂಡಿ ಇದ್ದಲ್ಲಿ ಪಟ್ಟದ ಜಗಳ, ಕೋರ್ಟು ಕಚೇರಿ. ಮಠ ಎಂಬ ವ್ಯವಸ್ಥೆಯ ಬುನಾದಿಯ ಕಲ್ಲೇ ಗದ್ದುಗೆ. ಆ ಕಲ್ಲನ್ನು ಈ ಪತ್ರ ಕಿತ್ತು ಹಾಕಿತು. ಮನಸ್ಸು ಶುದ್ಧ ಮಾಡಿಕೊಂಡು ಗದ್ದುಗೆ ಕಟ್ಟಿರಿ ಅನ್ನಲಿಲ್ಲ. ಕಟ್ಟಬೇಡಿ ಅಂದಿತು. ಜೀವಮಾನವಿಡೀ ಮನಸ್ಸಿನ ಬಗ್ಗೆ ಮಾತಾಡಿದ ಪ್ರವಚನಕಾರ ಕೊನೆಗೆ ಒಂದು ವ್ಯವಸ್ಥೆಯ ಬಗ್ಗೆ ಬರೆದ. ಅದೂ ಎರಡರ್ಥ ಬಾರದ ಮಾತಿನಲ್ಲಿ, ಪಾಲಿಸಲೇಬೇಕಾದ ಕಟ್ಟಳೆಯಾಗಿ. ಅಂದರೆ ಮನಸ್ಸನ್ನು ಕಾಯುತ್ತ ಕೂಡ್ರದೆ ನೇರವಾಗಿ ಕಟ್ಟಳೆ ಹಾಕಬಹುದು ಎಂಬುದು ಅವರಿಗೆ ಗೊತ್ತಿತ್ತು. ತಮ್ಮ ದೇಹದ ವಿಷಯದಲ್ಲಿ ಅವರು ಹಾಗೆ ಮಾಡಿದರು. ಊರಿನ ದೇಹದ ವಿಷಯದಲ್ಲಿ ಅಂಥದೊಂದು ಪತ್ರ ಬರೆಯಲಿಲ್ಲವಲ್ಲ ಎಂಬುದು ನನ್ನ ದೊಡ್ಡ ತಕರಾರು. ಚಾದಂಗಡಿಯಲ್ಲಿ ಎರಡು ಥರದ ಕಪ್ಪು ಇಡಬೇಡಿ, ಹಂಗಿಟ್ಟ ಊರಿಗೆ ಪ್ರವಚನ ಇಲ್ಲ ಅಂತ ಒಂದು ಸಾಲು. ಆ ಬಾಯಿಂದ ಆ ಸಾಲು ಬಂದಿದ್ದರೆ ಈ ಜಿಲ್ಲೆಯಲ್ಲಿ ಅದಕ್ಕೆ ಇದ್ದ ಬೆಲೆ ನಮ್ಮ ನೂರು ಮೆರವಣಿಗೆಗೂ ಇಲ್ಲ.

ನಮ್ಮಾಯಿ ತೀರಿಕೊಂಡದ್ದು ಅವರಿಗಿಂತ ಎರಡು ವರ್ಷ ಮೊದಲು, ಮಳೆಗಾಲದಲ್ಲಿ. ನಮ್ಮ ಕೇರಿಗೆ ಸ್ಮಶಾನ ಇಲ್ಲ. ಹಳ್ಳದ ದಂಡೆಗೆ ಮಣ್ಣು ಮಾಡುತ್ತ ಬಂದವರು ನಾವು. ಕಾಲುವೆಗೆ ನೀರು ಬಂತು, ದ್ರಾಕ್ಷಿ ಬಂತು, ಹೊಲಕ್ಕೆ ಕಿಮ್ಮತ್ತು ಬಂತು, ದಂಡೆಯ ತನಕ ಪಡ ಬಂತು. ಕುಣಿ ತೋಡುವಾಗ ಹೊಲದವ ಬಂದು ನಿಂತ. ಬೈಯಲಿಲ್ಲ, ಹೊಡೆಯಲಿಲ್ಲ. “ಇಲ್ಲಿ ಬ್ಯಾಡ್ರಪಾ, ಮುಂದ ಎಲ್ಲೆರೆ ನೋಡ್ರಿ” ಅಂದ. ಹೆಣ ಮಳೆಯಲ್ಲಿ ಎರಡು ತಾಸು ನೆನೆಯಿತು. ಕಡೆಗೆ ಹಳ್ಳದ ಒಳಗೇ, ಉಸುಕಿನಲ್ಲಿ ಇಟ್ಟೆವು. ಮುಂದಿನ ಮಳೆಗೆ ನೀರು ಬಂತು. ಈಗ ಆ ಜಾಗದ ಗುರುತು ಸಿಗುವುದಿಲ್ಲ.

ನಮ್ಮಾಯಿಗೂ ಸ್ಮಾರಕ ಇಲ್ಲ, ಅವಳೂ ಹೊಳೆಗೇ ಹೋದಳು. ಅವಳನ್ನು ಯಾರೂ ಬಯಲಾದಳು ಅನ್ನುವುದಿಲ್ಲ. ಗದ್ದುಗೆ ಬ್ಯಾಡ ಅಂದ ಸ್ವಾಮಿಗಳ ಮಾತು ಅವಳಿಗೆ ತಿಳಿದಿದ್ದರೆ ಏನನ್ನುತ್ತಿದ್ದಳೋ. “ಅವರಿಗೆ ಬ್ಯಾಡಾದ ಆರು ಮೊಳ ನನಗರೆ ಕೊಡ್ರಿ” ಅನ್ನುತ್ತಿದ್ದಳು ಅಂತ ನನಗನ್ನಿಸುತ್ತದೆ. ತಮಾಷೆಗೆ ಅನ್ನುತ್ತಿದ್ದಳು. ನನಗೆ ಅದು ತಮಾಷೆ ಅಲ್ಲ.

ಆದ್ದರಿಂದ ಆ ಪತ್ರದ ವಾರಸುದಾರರು ಯಾರು ಎಂಬ ಪ್ರಶ್ನೆ ಎತ್ತುತ್ತೇನೆ. ಫೋಟೋ ತೂಗು ಹಾಕಿದವರೆ? ಸ್ಮಾರಕ ಬ್ಯಾಡ ಅಂದವರನ್ನು ಗಲ್ಲಾಪೆಟ್ಟಿಗೆಯ ಮೇಲೆ ಕುಂದರಿಸಿ ಊರಿಗೆ ನೂರು ಗದ್ದುಗೆ ಮಾಡಿದವರೆ? ‘ನಡೆದಾಡುವ ದೇವರು’ ಎಂದು ಹೆಸರಿಟ್ಟು, ನಡೆದ ದಾರಿಯನ್ನು ಬಿಟ್ಟವರೆ? ನಾವು ಆ ಪತ್ರವನ್ನು ಅವರ ಕೈಯಿಂದ ಇಸಿದುಕೊಳ್ಳಬೇಕು. ಅದರಲ್ಲಿರುವ ‘ಬೇಡ’ ಎಂಬ ಮಾತನ್ನು ಒಬ್ಬರ ಚಿತೆಯಿಂದ ಊರ ಚಾವಡಿಗೆ ತರಬೇಕು.

ಹಳ್ಳಿಯ ಮಾಸ್ತರರೆ, ನಿಮ್ಮ ಶಾಲೆಯಲ್ಲಿ ಜನವರಿ 2ರಂದು ಫೋಟೋಕ್ಕೆ ಹಾರ ಹಾಕುವುದಾದರೆ ಹಾಕಿರಿ. ಹಾಕಿದ ಮೇಲೆ ಆ ಪತ್ರವನ್ನು ಮಕ್ಕಳಿಗೆ ಓದಿ ಹೇಳಿರಿ. ಆಮೇಲೆ ಒಂದು ಪ್ರಶ್ನೆ ಕೇಳಿರಿ: ನಮ್ಮೂರಿನಲ್ಲಿ ಸತ್ತವರನ್ನು ಎಲ್ಲಿ ಇಡುತ್ತಾರೆ, ಯಾವ ಓಣಿಯವರನ್ನು ಎಲ್ಲಿ? ಮಕ್ಕಳಿಗೆ ಉತ್ತರ ಗೊತ್ತಿರುತ್ತದೆ. ವಿದ್ಯಾರ್ಥಿ ಗೆಳೆಯರೆ, ಸ್ಮಶಾನ ಇಲ್ಲದ ಊರುಗಳಿಗೆ ಆರು ತಿಂಗಳಲ್ಲಿ ಜಾಗ ಒದಗಿಸಿ ಅಂತ ಹೈಕೋರ್ಟು 2019ರಲ್ಲೇ ಸರ್ಕಾರಕ್ಕೆ ಹೇಳಿದೆ. ಟಿಕೋಟಾದಲ್ಲಿ ಈಗ ತಹಸೀಲ್ದಾರರ ಕಚೇರಿ ಇದೆ, ಬಬಲೇಶ್ವರದಲ್ಲೂ ಇದೆ. ಊರೂರಿನ ಪಹಣಿ ತೆಗೆಸಿ ನೋಡಿರಿ, ಎಲ್ಲಿ ಸ್ಮಶಾನ ಅಂತ ಬರೆದಿದೆ, ಎಲ್ಲಿ ಬರೆದಿಲ್ಲ, ಬರೆದ ಜಾಗದಲ್ಲಿ ಈಗ ಏನು ಬೆಳೆದಿದೆ. ಅರ್ಜಿ ಬರೆಯಿರಿ. ಆ ಸ್ವಾಮಿಗಳು ಬರೆದ ಹಾಗೆ ಬರೆಯಿರಿ, ಎರಡರ್ಥ ಬಾರದಂತೆ.

ನಮ್ಮೂರಿನ ಅರ್ಜಿ ನಾನೇ ಬರೆದಿದ್ದೇನೆ. ಹೆಬ್ಬೆಟ್ಟು ಒತ್ತುವವರು ಒತ್ತಿದ್ದಾರೆ, ಸಹಿ ಬರುವವರು ಸಹಿ ಮಾಡಿದ್ದಾರೆ. ಅದರಾಗ ಪ್ರವಚನಕ್ಕೆ ತಪ್ಪದೆ ಹೋಗಿ ಬಂದ ಇಬ್ಬರು ಗೌಡರ ಓಣಿಯವರ ಸಹಿಯೂ ಇದೆ. ಕೇಳದೆ ಬಂದು ಮಾಡಿ ಹೋದರು. ಅದು ಆ ನಸುಕಿನ ಮಾತಿನ ಫಲವೋ ಏನೋ ನಾನು ಹೇಳಲಾರೆ. ಆದರೆ ಅದನ್ನು ಬಿಟ್ಟು ಈ ಲೇಖನ ಮುಗಿಸಿದರೆ ನಾನು ಸುಳ್ಳು ಬರೆದ ಹಾಗಾಗುತ್ತದೆ.